ಹತ್ತು ಡಾಲರಿನ ಪಾರ್ಕು
ಅಮೆರಿಕದ ಮಾಜಿ ಅಧ್ಯಕ್ಷ ಒಬಾಮಾ ಹೆಸರಿನ ಮ್ಯೂಸಿಯಂ ಕೇಂದ್ರಕ್ಕೆ ಸರ್ಕಾರದ ದುಡ್ಡಿಲ್ಲ ಅನ್ನೋ ಮಾತಿದೆ. ಷಿಕಾಗೋದ ಜಾಕ್ಸನ್ ಪಾರ್ಕಿನಲ್ಲಿ ಆ ಕೇಂದ್ರಕ್ಕೆ ನಗರಾಡಳಿತ 19.3 ಎಕರೆ ಬಿಟ್ಟುಕೊಟ್ಟಿದ್ದು 99 ವರ್ಷಕ್ಕೆ, ಬರೀ 10 ಡಾಲರಿಗೆ. ಕಟ್ಟಡದ ಖರ್ಚು ಒಬಾಮಾ ಪ್ರತಿಷ್ಠಾನದ್ದು, ದೇಣಿಗೆ ಹಣ. 2021ರ ಅಂದಾಜು 83 ಕೋಟಿ ಡಾಲರ್. ಹಾಗಾದ್ರೆ ತೆರಿಗೆ ದುಡ್ಡು ಎಲ್ಲಿ ಬಂತು? ರಸ್ತೆಯಲ್ಲಿ! ಪಾರ್ಕಿನೊಳಗಿನ ಕಾರ್ನೆಲ್ ಡ್ರೈವ್ ಮುಚ್ಚಿದ ಮೇಲೆ ಆ ವಾಹನಗಳಿಗಾಗಿ ಸುತ್ತಲಿನ ರಸ್ತೆಗಳನ್ನ ಅಗಲ ಮಾಡಬೇಕಾಯ್ತು. ಆ ಬಾಬ್ತು ಸುಮಾರು 17 ಕೋಟಿ ಡಾಲರ್. 'ಸರ್ಕಾರದ ದುಡ್ಡಿಲ್ಲ' ಅನ್ನೋ ಮಾತು ಕಾಂಪೌಂಡಿನ ಒಳಗೆ ಮಾತ್ರ ನಿಜ.

ಕಟ್ಟೋ ಹಣ ಹೇಗೋ ಕೂಡುತ್ತೆ ಬಿಡಿ, ದಾನಿಗಳಿಗೆ ಗೋಡೆ ಮೇಲೆ ಹೆಸರು ಬೇಕು. ಕೆಟ್ಟ ಲಿಫ್ಟು, ಸೋರೋ ಚಾವಣಿಗೆ ಯಾರೂ ಹೆಸರು ಕೆತ್ತಿಸಲ್ಲ. ಅದಕ್ಕೇ ಒಪ್ಪಂದದಲ್ಲಿ ನಿರ್ವಹಣೆಗೊಂದು ಮೂಲನಿಧಿ (ಅಸಲು ಹಾಗೇ ಇಟ್ಟು, ಅದರ ಆದಾಯದಲ್ಲಿ ಖರ್ಚು ತೂಗಿಸೋ ನಿಧಿ) ಇಡಬೇಕೆಂಬ ಷರತ್ತು. 2021ರಲ್ಲಿ ಅದಕ್ಕೆ ಹಾಕಿದ್ದು 10 ಲಕ್ಷ ಡಾಲರ್.