ದೋಣಿಗಿಂತ ಮೊದಲು ಪ್ಯಾಡಲ್ ನೋಡಿ

ಕಯಾಕ್ ಅನ್ನುವ ಕಿರಿದಾದ ಪುಟ್ಟ ದೋಣಿ ಕೊಳ್ಳಲು ತಿಂಗಳುಗಟ್ಟಲೆ ಯೋಚಿಸುವವರೂ ಅದನ್ನು ನಡೆಸುವ ಹುಟ್ಟು, ಅಂದರೆ ಪ್ಯಾಡಲ್ ಮಾತ್ರ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಬರುತ್ತಾರೆ. ನೋಡಿದರೆ ಸಂಕಟವಾಗುತ್ತದೆ. ದೋಣಿಯ ಭಾರವನ್ನು ನೀರು ಹೊರುತ್ತದೆ. ಪ್ಯಾಡಲ್ ಭಾರ ಹೊರಬೇಕಾದವರು ನಾವೇ ಅಲ್ವಾ? ಅಲ್ಯೂಮಿನಿಯಂ ಕೋಲಿನದ್ದು ಸಾಮಾನ್ಯವಾಗಿ ಒಂದು ಕಿಲೋ ಆಸುಪಾಸು ಇರುತ್ತದೆ. ಒಳ್ಳೆಯ ಕಾರ್ಬನ್ ಫೈಬರ್‌ನದ್ದು 700-800 ಗ್ರಾಂ. ಅಂಗಡಿಯಲ್ಲಿ ಹಿಡಿದಾಗ ಈ ವ್ಯತ್ಯಾಸ ಏನೂ ಅನ್ನಿಸುವುದಿಲ್ಲ. ಗಂಟೆಗಟ್ಟಲೆ ಎತ್ತಿ ಇಳಿಸಿದ ಮೇಲೆ ಭುಜಕ್ಕೆ ಗೊತ್ತಾಗುತ್ತದೆ. ಕಾರ್ಬನ್ ದುಬಾರಿ ಅನ್ನಿಸಿದರೆ ಫೈಬರ್‌ಗ್ಲಾಸ್ ಒಳ್ಳೆಯ ನಡುದಾರಿ.

ಕಣ್ಣಿಗೆ ಕಾಣುವುದಕ್ಕೆ ಕೊಡುವ ಗಮನವನ್ನು ದಿನವಿಡೀ ಕೈಯಲ್ಲಿರುವುದಕ್ಕೆ ನಾವು ಯಾಕೆ ಕೊಡುವುದಿಲ್ಲವೋ!

ಪ್ಯಾಡಲ್ ಉದ್ದಕ್ಕೆ ನಿಮ್ಮ ಎತ್ತರವೊಂದೇ ಸಾಲದು, ದೋಣಿಯ ಅಗಲವನ್ನೂ ನೋಡಬೇಕು. ಸಮುದ್ರಕ್ಕೆ ಒಯ್ಯುವ ಕಿರಿದಾದ ಸೀ ಕಯಾಕ್‌ಗೆ 210ರಿಂದ 220 ಸೆಂಟಿಮೀಟರ್ ಹೆಚ್ಚಿನವರಿಗೆ ಸಾಕು. ಅಗಲವಾದ, ಮೀನು ಹಿಡಿಯುವ ಕಯಾಕ್‌ಗೆ 240 ಅಥವಾ ಅದಕ್ಕಿಂತ ಜಾಸ್ತಿ. ತೀರಾ ಗಿಡ್ಡವಾದರೆ ಬೆರಳ ಗಿಣ್ಣು ದೋಣಿಯ ಅಂಚಿಗೆ ತಾಗುತ್ತದೆ. ತೀರಾ ಉದ್ದವಾದರೆ ಪ್ರತಿ ಹೊಡೆತಕ್ಕೂ ದೋಣಿಯ ಮೂತಿ ಅತ್ತಿತ್ತ ತಿರುಗುತ್ತದೆ.

ಬ್ಲೇಡ್, ಅಂದರೆ ಕೋಲಿನ ತುದಿಯಲ್ಲಿ ನೀರು ತಳ್ಳುವ ಚಪ್ಪಟೆ ಭಾಗ, ಅದರ ವಿಷಯದಲ್ಲಿ ದೊಡ್ಡದೇ ಒಳ್ಳೆಯದು ಅಂತ ಸುಮ್ನೆ ನಂಬಬೇಡಿ. ಕೋಲನ್ನು ನೆಟ್ಟಗೆ ಹಿಡಿದು ಜೋರಾಗಿ ಹೋಗುವವರಿಗೆ ಅಗಲವಾದ ಬ್ಲೇಡ್ ಸರಿ. ಕೋಲನ್ನು ತಗ್ಗಿಸಿ, ನಿಧಾನವಾಗಿ, ದೂರ ಹೋಗುವವರಿಗೆ ಉದ್ದನೆಯ ಕಿರಿದಾದ ಬ್ಲೇಡೇ ಹಿತ. ಕೈ ಚಿಕ್ಕದಾಗಿದ್ದರೆ ತೆಳುವಾದ ಕೋಲಿನದ್ದು ಕೇಳಿ, ಅದೂ ಸಿಗುತ್ತದೆ. ಕೊಳ್ಳುವ ಮುಂಚೆ ಗೆಳೆಯರದ್ದು ಇಸಿದುಕೊಂಡು ನೀರಿನಲ್ಲೇ ನೋಡಿ.