ಒಂದೇ ದ್ರಾಕ್ಷಿ, ಬೇರೆ ಬೇರೆ ಗುಡ್ಡ: ನೆಬ್ಬಿಯೋಲೊ ಕಲಿಕೆ ಎಲ್ಲಿಗೆ ಬಂತು

ಇಟಲಿಯ ವೈನ್ ಕಲಿಯುವ ನನ್ನ ಕೆಲಸಕ್ಕೆ ಈ ಚಳಿಗಾಲದಲ್ಲಿ ಒಂದು ದಾರಿ ಸಿಕ್ಕಿದೆ. ಲೇಬಲ್‌ಗಳನ್ನು ಉರು ಹೊಡೆಯುವುದನ್ನು ಬಿಟ್ಟು, ಒಂದೇ ದ್ರಾಕ್ಷಿ ಹಿಡಿದು, ಅದು ಬೆಳೆಯುವ ಊರುಗಳ ಬೆನ್ನು ಹತ್ತುವುದು. ನಾನಿರುವುದು ಟೊರಿನೊದಲ್ಲಿ, ಅಂದರೆ ನೆಬ್ಬಿಯೋಲೊ ಬೆಳೆಯುವ ಪಿಯೆಮೊಂಟೆ ಪ್ರಾಂತ್ಯದಲ್ಲಿ. ಹಾಗಾಗಿ ಮೊದಲ ದ್ರಾಕ್ಷಿ ನೆಬ್ಬಿಯೋಲೊ. ಇಲ್ಲಿನ ಎರಡು ಊರುಗಳ ಹೆಸರು ಹೊತ್ತ ಬರೋಲೊ, ಬಾರ್ಬರೆಸ್ಕೊ ಎರಡೂ ಪೂರ್ತಿ ಇದರಿಂದಲೇ ಆಗುವ ವೈನ್‌ಗಳು.

ಹೊಸಬರಿಗೆ ಇಟಲಿ ಕಷ್ಟವಾಗುವುದು ಬಾಟಲಿಯ ಮೇಲೆ ಹೆಚ್ಚಾಗಿ ಊರಿನ ಹೆಸರು ಇರುತ್ತದೆ, ದ್ರಾಕ್ಷಿಯದ್ದಲ್ಲ ಅನ್ನುವ ಕಾರಣಕ್ಕೆ. ಕೆಲವು ಕಡೆ ಎರಡೂ ಬೆರೆತಿರುತ್ತವೆ. ‘ವಿನೊ ನೋಬಿಲೆ ದಿ ಮೊಂಟೆಪುಲ್ಚಾನೊ’ದಲ್ಲಿ ಮೊಂಟೆಪುಲ್ಚಾನೊ ಟಸ್ಕನಿಯ ಒಂದು ಊರು, ಒಳಗಿರುವ ಮುಖ್ಯ ದ್ರಾಕ್ಷಿ ಸಾಂಜೊವೇಸೆ. ‘ಮೊಂಟೆಪುಲ್ಚಾನೊ ದಬ್ರುಝೊ’ದಲ್ಲಿ ಅದೇ ಹೆಸರು ದ್ರಾಕ್ಷಿಯದ್ದು, ಅಬ್ರುಝೊ ಅದು ಬೆಳೆಯುವ ಪ್ರಾಂತ್ಯ. ಇಂಥದ್ದನ್ನು ಕಂಠಪಾಠ ಮಾಡಿ ಎಷ್ಟು ದೂರ ಹೋಗಲು ಸಾಧ್ಯ, ಹೇಳಿ?

ನೆಬ್ಬಿಯೋಲೊ ಬಣ್ಣ ನೋಡಿದರೆ ಹಗುರ ವೈನ್ ಅನಿಸುತ್ತದೆ. ಗ್ಲಾಸಿನ ಆಚೆ ಇಟ್ಟ ಬೆರಳು ಕಾಣುವಷ್ಟು ತೆಳು ಕೆಂಪು. ಬಾಯಿಗೆ ಹಾಕಿದರೆ ಕಥೆಯೇ ಬೇರೆ. ಮಲೆನಾಡಿನಲ್ಲಿ ಹಸಿ ಅಡಿಕೆ ಅಗಿದವರಿಗೆ ಈ ಒಗರು ಹೊಸದಲ್ಲ. ಜೊತೆಗೆ ಹುಳಿಯೂ ಜಾಸ್ತಿ. ಇವೆರಡೂ ಇರುವುದರಿಂದಲೇ ಇದು ವರ್ಷಗಟ್ಟಲೆ ಬಾಳುತ್ತದೆ. ಬರೋಲೊ ಕನಿಷ್ಠ 38 ತಿಂಗಳು ಮಾಗಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಬಾರ್ಬರೆಸ್ಕೊಗೆ 26 ತಿಂಗಳು ಸಾಕು. ಈ ಬಳ್ಳಿ ಬೇಗ ಚಿಗುರುತ್ತದೆ, ಹಣ್ಣಾಗುವುದು ತಡ. ಅಕ್ಟೋಬರ್‌ವರೆಗೂ ಬಿಸಿಲು ಬೇಕು. ಅದಕ್ಕೇ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರುಗಳನ್ನೆಲ್ಲ ಇದಕ್ಕೆ ಬಿಟ್ಟುಕೊಟ್ಟು, ಬಾರ್ಬೆರಾ, ದೊಲ್ಚೆತ್ತೊ ಎಂಬ ಬೇರೆ ದ್ರಾಕ್ಷಿಗಳನ್ನು ಉಳಿದ ಜಾಗಗಳಲ್ಲಿ ಹಾಕುತ್ತಾರೆ.

ನನಗೆ ಹೆಚ್ಚು ಕಲಿಸಿದ್ದು ಬಾರ್ಬರೆಸ್ಕೊ ಹಳ್ಳಿಯ ರೈತರ ಸಹಕಾರ ಸಂಘ, ಪ್ರೊದುತ್ತೋರಿ ದೆಲ್ ಬಾರ್ಬರೆಸ್ಕೊ. ಇದರ ಬೇರು 1894ರಲ್ಲಿದೆ. ಆಲ್ಬಾದ ವೈನ್ ಶಾಲೆಯ ಮುಖ್ಯಸ್ಥರಾಗಿದ್ದ ದೊಮಿಟ್ಸಿಯೊ ಕಾವಾಟ್ಸಾ ಆಗ ಇಲ್ಲಿ ಮೊದಲ ಸಂಘ ಕಟ್ಟಿದರು. ಅದು ಫ್ಯಾಸಿಸ್ಟರ ಕಾಲದಲ್ಲಿ ಮುಚ್ಚಿಹೋಯಿತು. 1958ರಲ್ಲಿ ಊರಿನ ಪಾದ್ರಿಯೊಬ್ಬರು 19 ಸಣ್ಣ ಬೆಳೆಗಾರರನ್ನು ಸೇರಿಸಿ ಮತ್ತೆ ಶುರು ಮಾಡಿದರು. ಸಂಘ ವೈನ್ ಮಾಡುವುದು ನೆಬ್ಬಿಯೋಲೊ ಒಂದರಿಂದಲೇ. ಒಳ್ಳೆಯ ವರ್ಷಗಳಲ್ಲಿ ಒಂಬತ್ತು ತೋಟಗಳ ವೈನನ್ನು ಬೇರೆ ಬೇರೆಯಾಗಿ ಬಾಟಲಿಗೆ ತುಂಬುತ್ತಾರೆ: ಅಸೀಲಿ, ರಬಾಯಾ, ಪೋರಾ, ಒವೆಲ್ಲೊ, ಮೊಂಟೆಸ್ಟೆಫಾನೊ ಹೀಗೆ. ಸಾಧಾರಣ ವರ್ಷವಾದರೆ ಎಲ್ಲವೂ ಒಂದೇ ಬಾರ್ಬರೆಸ್ಕೊಗೆ ಸೇರುತ್ತದೆ.

ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ. ಅದೇ ದ್ರಾಕ್ಷಿ, ಅದೇ ವರ್ಷ, ಅದೇ ಕೈ. ಬದಲಾಗುವುದು ಗುಡ್ಡ ಮಾತ್ರ. ಗೆಳೆಯರೆಲ್ಲ ದುಡ್ಡು ಹಾಕಿ ಅಸೀಲಿ ಮತ್ತು ಮೊಂಟೆಸ್ಟೆಫಾನೊ ಪಕ್ಕಪಕ್ಕ ಇಟ್ಟು ಕುಡಿದೆವು. ಅಸೀಲಿ ಮೃದು, ಗುಲಾಬಿಯ ವಾಸನೆ ಮೊದಲು ಬರುತ್ತದೆ. ಮೊಂಟೆಸ್ಟೆಫಾನೊ ಗಟ್ಟಿ, ಒಗರು ನಾಲಿಗೆಯ ಮೇಲೆ ತುಂಬ ಹೊತ್ತು ಕೂರುತ್ತದೆ. ಎರಡೂ ಒಂದೇ ಹಳ್ಳಿಯ ತೋಟಗಳು! ಮಣ್ಣಿನ ಮಾತು ಸುಮ್ನೆ ಮಾರಾಟದ ಮಾತು ಅನ್ನುವವರು ಒಮ್ಮೆ ಇದನ್ನು ಮಾಡಿ ನೋಡಬೇಕು.

ಬರೋಲೊದಲ್ಲೂ ಇದೇ ವ್ಯತ್ಯಾಸ, ಇನ್ನೂ ದೊಡ್ಡ ಅಳತೆಯಲ್ಲಿ. ಪಶ್ಚಿಮದ ಲಾ ಮೊರ್ರಾ ಕಡೆಯ ವೈನ್ ಬೇಗ ಬಿಚ್ಚಿಕೊಳ್ಳುತ್ತದೆ. ಪೂರ್ವದ ಸೆರ್ರಾಲುಂಗಾದ ಹಳೆಯ ಮಣ್ಣಿನಲ್ಲಿ ಬೆಳೆದದ್ದಕ್ಕೆ ವರ್ಷಗಟ್ಟಲೆ ಕಾಯಬೇಕು. ಬರೋಲೊ ದುಬಾರಿ, ಆದ್ದರಿಂದ ಇಲ್ಲಿ ನನ್ನ ಕಲಿಕೆ ನಿಧಾನ. ದಿನನಿತ್ಯಕ್ಕೆ ಇದೇ ಗುಡ್ಡಗಳ ಸೀಮೆಯ ಅಗ್ಗದ ವೈನ್ ‘ಲಾಂಗೆ ನೆಬ್ಬಿಯೋಲೊ’ ಇದೆ, ನಾನು ಎಲ್ಲರಿಗೂ ಮೊದಲು ಹೇಳುವುದು ಅದನ್ನೇ.

ಈಗ ಉತ್ತರಕ್ಕೆ ಹೊರಟಿದ್ದೇನೆ. ಸೇಸಿಯಾ ನದಿಯ ದಡದ ಗತ್ತಿನಾರಾದಲ್ಲಿ ಇದೇ ದ್ರಾಕ್ಷಿಗೆ ಸ್ಪನ್ನಾ ಎನ್ನುತ್ತಾರೆ. ಅಲ್ಲಿಯದು ಜ್ವಾಲಾಮುಖಿಯಿಂದ ಬಂದ ಹುಳಿ ಮಣ್ಣು. ವೈನ್ ತೆಳ್ಳಗೆ, ಚುರುಕಾಗಿ, ಕಲ್ಲಿನ ವಾಸನೆ ಹೊತ್ತು ಬರುತ್ತದೆ. ಪಕ್ಕದ ಲೊಂಬಾರ್ದಿಯಾ ಪ್ರಾಂತ್ಯದ ವಾಲ್ತೆಲ್ಲೀನಾ ಕಣಿವೆಯಲ್ಲಿ ಈ ದ್ರಾಕ್ಷಿಯ ಹೆಸರು ಕ್ಯಾವೆನ್ನಾಸ್ಕಾ. ಆಲ್ಪ್ಸ್ ನಡುವೆ ಅದ್ದಾ ನದಿ ಪೂರ್ವದಿಂದ ಪಶ್ಚಿಮಕ್ಕೆ ಹರಿಯುತ್ತದೆ, ಹಾಗಾಗಿ ಉತ್ತರದ ದಡ ಇಡೀ ದಿನ ಬಿಸಿಲಿಗೆ ಮೈಯೊಡ್ಡಿರುತ್ತದೆ. ಆ ಕಡಿದಾದ ಇಳಿಜಾರಿನಲ್ಲಿ ಗಾರೆಯಿಲ್ಲದೆ ಕಲ್ಲು ಪೇರಿಸಿ ಮೆಟ್ಟಿಲು ಹೊಲ ಮಾಡಿದ್ದಾರೆ. ಗೋಡೆಗಳ ಒಟ್ಟು ಉದ್ದ ಸುಮಾರು 2,500 ಕಿಲೋಮೀಟರ್ ಎಂದು ಲೆಕ್ಕ. ಯಂತ್ರ ಹತ್ತುವುದಿಲ್ಲ, ಹೆಚ್ಚಿನ ಕೆಲಸವೆಲ್ಲ ಕೈಯಲ್ಲೇ. ಸಾಸ್ಸೆಲ್ಲಾ, ಗ್ರುಮೆಲ್ಲೊ, ಇನ್ಫೆರ್ನೊ ಅಲ್ಲಿನ ಉಪವಲಯಗಳು. ಅಷ್ಟು ದುಡಿಮೆಯ ವೈನ್ ಬರೋಲೊಗಿಂತ ಎಷ್ಟೋ ಅಗ್ಗಕ್ಕೆ ಸಿಗುವುದು ನನಗೆ ಸರಿ ಕಾಣುವುದಿಲ್ಲ. ಕೊಳ್ಳುವವರು ಇತ್ತ ನೋಡಬೇಕು.

ಸಾಸ್ಸೆಲ್ಲಾ ಮತ್ತು ಇನ್ಫೆರ್ನೊ ಒಟ್ಟಿಗೆ ಇಟ್ಟು ನೋಡುವುದು ಬಾಕಿ. ಅದಾದ ಮೇಲೆ ಸಾಂಜೊವೇಸೆ. ಟಸ್ಕನಿಯ ವೈನ್‌ಗಳಾದ ಕಿಯಾಂತಿ ಕ್ಲಾಸಿಕೊದಲ್ಲಿ ಅದು ನೂರರಲ್ಲಿ ಕನಿಷ್ಠ 80 ಪಾಲು, ಬ್ರುನೆಲ್ಲೊದಲ್ಲಿ ಪೂರ್ತಿ. ಈ ದ್ರಾಕ್ಷಿ ಮಹಾರಾಷ್ಟ್ರದ ಅಕ್ಲುಜ್‌ನಲ್ಲೂ ನಮ್ಮ ಹಂಪಿ ಕಡೆಯ ಗುಡ್ಡಗಳಲ್ಲೂ ಬೆಳೆಯುತ್ತದೆ. ಊರಿಗೆ ಬಂದಾಗ ಅವೆರಡನ್ನೂ ಕೊಂಡು ಕಿಯಾಂತಿಯ ಪಕ್ಕ ಇಡುವ ಯೋಚನೆ ಇದೆ. ಯಾವ ವರ್ಷದ ಬಾಟಲಿ ಚೆನ್ನಾಗಿದೆ ಅಂತ ಗೊತ್ತಿದ್ದವರು ತಿಳಿಸಿ.