ಎರೆಕ್ಥಿಯಾನ್ ಹುಡುಗಿಯರನ್ನು ಹಿಂದಿನಿಂದ ನೋಡಿ

ಅಥೆನ್ಸಿನ ಆಕ್ರೊಪೊಲಿಸ್ ಗುಡ್ಡ ಹತ್ತಿದವರೆಲ್ಲ ಮೊದಲು ಪಾರ್ಥೆನಾನ್ ಎಂಬ ದೊಡ್ಡ ಗುಡಿಯ ಕಡೆಗೆ ಓಡುತ್ತಾರೆ. ನಾನು ಮತ್ತು ಅಕ್ಕ ಜಾಸ್ತಿ ಹೊತ್ತು ನಿಂತಿದ್ದು ಉತ್ತರದ ಅಂಚಿನಲ್ಲಿರುವ ಎರೆಕ್ಥಿಯಾನ್ ಎದುರು. ಕ್ರಿಸ್ತಪೂರ್ವ 5ನೇ ಶತಮಾನದ ಕೊನೆಯಲ್ಲಿ ಕಟ್ಟಿದ ಗುಡಿ ಇದು. ಗುಡಿ ಅಂದರೆ ಒಂದು ಲೆಕ್ಕಕ್ಕೆ ಬರಬೇಕು ಅಲ್ವಾ, ಇದು ಬರುವುದೇ ಇಲ್ಲ. ನೆಲ ಒಂದು ಕಡೆ ಸುಮಾರು 3 ಮೀಟರ್ ತಗ್ಗು. ಅದನ್ನು ಮಟ್ಟ ಮಾಡೋಣ ಅಂತ ಯಾರೂ ಬಂಡೆ ಕಡಿದಿಲ್ಲ. ಸಮುದ್ರದೇವ ಪೊಸೈಡನ್ ತ್ರಿಶೂಲದಿಂದ ಹೊಡೆದ ಗುರುತು ಇಲ್ಲಿ, ದೇವತೆ ಅಥೀನಾ ಕೊಟ್ಟ ಆಲಿವ್ ಮರ ಪಕ್ಕದಲ್ಲಿ, ಹಳೆಯ ರಾಜ ಕೆಕ್ರೊಪ್ಸನ ಸಮಾಧಿ ಮೂಲೆಯಲ್ಲಿ ಅಂತ ಆಗಿನ ಅಥೆನ್ಸಿನವರ ನಂಬಿಕೆ. ಎಲ್ಲವನ್ನೂ ಒಳಗೆ ಸೇರಿಸಿಕೊಳ್ಳಲು ಹೋಗಿ ಉತ್ತರಕ್ಕೊಂದು ದೊಡ್ಡ ಮಂಟಪ, ದಕ್ಷಿಣಕ್ಕೊಂದು ಪುಟ್ಟದು, ಒಂದಕ್ಕೊಂದು ಹೊಂದುವುದಿಲ್ಲ. ನನಗೆ ಅದೇ ಇಷ್ಟವಾಯಿತು.

ಆ ಪುಟ್ಟ ಮಂಟಪದ ಚಾವಣಿ ಹೊತ್ತವರೇ 6 ಹುಡುಗಿಯರು, ಕ್ಯಾರಿಯಾಟಿಡ್‌ಗಳು ಅಂದರೆ ಕಂಬದ ಬದಲು ನಿಲ್ಲಿಸಿದ ಹೆಣ್ಣಿನ ಮೂರ್ತಿಗಳು. ಗುಡ್ಡದ ಮೇಲೆ ಈಗ ನಿಂತಿರುವುದು ನಕಲು. ಊರಿನ ಹೊಗೆಗೆ ಅಮೃತಶಿಲೆ ಸವೆಯುತ್ತಿತ್ತು ಅಂತ 1979ರಲ್ಲಿ ಅಸಲಿ ಮೂರ್ತಿಗಳನ್ನು ಇಳಿಸಿದರು. ಐದು ಜನ ಕೆಳಗಿನ ಮ್ಯೂಸಿಯಂನಲ್ಲಿದ್ದಾರೆ.

ಅಲ್ಲಿ ಸುತ್ತಲೂ ಓಡಾಡಿ ನೋಡಬಹುದು, ಹಾಗಾಗಿ ಬೆನ್ನು ಸಿಗುತ್ತದೆ. ಎಂಥ ಜಡೆಗಳು! ದಪ್ಪಗೆ ಹೆಣೆದು ಬೆನ್ನ ಮೇಲೆ ಇಳಿಬಿಟ್ಟಿದ್ದಾರೆ. "ಇದನ್ನು ಹೆಣೆಯೋಕೇ ಅರ್ಧ ದಿನ ಬೇಕು ಕಣೇ" ಅಂದಳು ಅಕ್ಕ. ಅದು ಸುಮ್ನೆ ಸಿಂಗಾರವಲ್ಲ. ಇಡೀ ಮೂರ್ತಿಯಲ್ಲಿ ಸಣ್ಣ ಜಾಗ ಕುತ್ತಿಗೆ, ಚಾವಣಿಯ ಭಾರವೆಲ್ಲ ಅದರ ಮೂಲಕವೇ ಇಳಿಯಬೇಕು. ಆ ಕೂದಲು ಕುತ್ತಿಗೆಗೆ ಬೇಕಾದ ದಪ್ಪ ಕೊಡುತ್ತದೆ, ಮುಂದಿನಿಂದ ನೋಡಿದವರಿಗೆ ಮಾತ್ರ ಕುತ್ತಿಗೆ ನೀಳವಾಗಿಯೇ ಕಾಣುತ್ತದೆ. ಕಾಲು ನೋಡಿ ಇನ್ನೂ ಖುಷಿಯಾಯಿತು. ಮೂವರು ಬಲಗಾಲಿನ ಮೇಲೆ ಭಾರ ಹಾಕಿದ್ದಾರೆ, ಮೂವರು ಎಡಗಾಲಿನ ಮೇಲೆ, ಯಾವಾಗಲೂ ಮಂಟಪದ ಹೊರಬದಿಯ ಕಾಲು. ಆ ಕಾಲಿನ ಮೇಲೆ ಬಟ್ಟೆಯ ನೆರಿಗೆ ಕಂಬದ ಗೀರುಗಳ ಹಾಗೆ ನೇರ ಇಳಿಯುತ್ತದೆ. ಇನ್ನೊಂದು ಮಂಡಿ ಸ್ವಲ್ಪ ಬಾಗಿದೆ. ಮುಖದಲ್ಲಿ ಭಾರದ ಸುಳಿವೇ ಇಲ್ಲ.

ಶತ್ರುಗಳಾದ ಪರ್ಷಿಯನ್ನರ ಪಕ್ಷ ವಹಿಸಿದ ಊರಿನ ಹೆಂಗಸರಿಗೆ ಕೊಟ್ಟ ಶಿಕ್ಷೆ ಹೀಗೆ ಭಾರ ಹೊರುವುದು ಅಂತ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಬರೆದಿದ್ದಾನೆ. ನನಗಂತೂ ನಂಬಿಕೆ ಬರಲಿಲ್ಲ. ಕೈಗಳು ಮುರಿದುಹೋಗಿವೆ, ಆದರೆ ಇಟಲಿಯ ಟಿವೊಲಿಯಲ್ಲಿ ಹೇಡ್ರಿಯನ್ ಚಕ್ರವರ್ತಿ ಮಾಡಿಸಿದ ನಕಲುಗಳ ಕೈಯಲ್ಲಿ ತರ್ಪಣದ ಬಟ್ಟಲಿದೆ. ಶಿಕ್ಷೆಗೆ ನಿಂತವರ ಕೈಗೆ ಪೂಜೆಯ ಬಟ್ಟಲು ಯಾಕೆ ಕೊಡುತ್ತಾರೆ?

ಸಾಲಿನಲ್ಲಿ ಒಂದು ಜಾಗ ಖಾಲಿ. ಅವಳನ್ನು 19ನೇ ಶತಮಾನದ ಶುರುವಿನಲ್ಲಿ ಬ್ರಿಟಿಷ್ ರಾಯಭಾರಿ ಲಾರ್ಡ್ ಎಲ್ಗಿನ್‌ನ ಜನ ಕಿತ್ತುಕೊಂಡು ಹೋದರು, ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದ್ದಾಳೆ. ಹೊಗೆ ತಿನ್ನದ ಕಾರಣ ಅವಳ ಮುಖ ಈ ಐವರಿಗಿಂತ ಚೆನ್ನಾಗಿ ಉಳಿದಿದೆ, ಅದು ನಿಜ. ಅಲ್ಲಿದ್ದಿದ್ದಕ್ಕೇ ಉಳಿದಳು ಅನ್ನುವವರೂ ಇದ್ದಾರೆ. ಆದರೆ ಅಥೆನ್ಸಿನವರು ಈ ಐವರ ಮಸಿಯನ್ನು ಜನರ ಕಣ್ಣೆದುರೇ ಲೇಸರ್‌ನಿಂದ ತೆಗೆದು 2014ರ ಹೊತ್ತಿಗೆ ಮುಗಿಸಿದ್ದಾರೆ, ಹೊಗೆ ತಾಗದ ಗಾಜಿನ ಕಟ್ಟಡವೂ ಇದೆ. ಅವಳನ್ನು ವಾಪಸ್ ಕೊಡದಿರಲು ಇನ್ನೂ ಯಾವ ನೆಪ ಬಾಕಿಯಿದೆಯೋ ನನಗೆ ತಿಳಿಯಲಿಲ್ಲ.